ಬರಬೇಡ ಎಂದಾದರೆ ಮಾತ್ರ ಬರೆ

ಲಗ್ಗೆರೆ, ಬೆಂಗಳೂರು
23 ಜೂನ್ 2024

ಪ್ರೀತಿಯ ಶಿವಗಂಗಾ,

ನಾವು ಇಲ್ಲಿಗೆ ಬಂದು ಹದಿನೆಂಟು ದಿನವಾಯಿತು. ತಡವಾಗಿ ಬರೆಯುತ್ತಿದ್ದೇನೆ ಎಂದು ಬೈಯಬೇಡ. ಆಪರೇಷನ್ ಆದಮೇಲೆ ಅವ್ವ ಭಾರ ಎತ್ತಬಾರದಂತೆ. ಬೆಳಿಗ್ಗೆ ನೀರು ಹಿಡಿಯುವುದು, ರೊಟ್ಟಿ ಮಾಡುವುದು, ಪಾತ್ರೆ ತೊಳೆಯುವುದು ಎಲ್ಲಾ ನನ್ನದೇ. ಹಾಸ್ಟೆಲ್ ಬಿಡಿಸಿ ಕರೆದುಕೊಂಡು ಬಂದದ್ದೇ ಅದಕ್ಕಲ್ಲವೇ? ಹತ್ತನೇ ತರಗತಿಯನ್ನಾದರೂ ಅಲ್ಲೇ ಮುಗಿಸುತ್ತೇನೆ ಎಂದು ಎಷ್ಟು ಬೇಡಿಕೊಂಡೆ. "ಎಲ್ಲಿ ಓದಿದರೂ ಪುಸ್ತಕ ಅವಽ ಅಲ್ಲೇನು?" ಅಂದುಬಿಟ್ಟ ಅಪ್ಪ.

ನಿನಗೆ ಫೋನು ಮಾಡಿದ್ದೆ. ತಂದೆತಾಯಿಗಳನ್ನು ಬಿಟ್ಟು ಬೇರೆ ಯಾರು ಮಾಡಿದರೂ ಮಕ್ಕಳಿಗೆ ಫೋನು ಕೊಡುವುದಿಲ್ಲ ಎಂದರು ವಾರ್ಡನ್ ಟೀಚರ್. ಗೋವಾಕ್ಕೆ ಕೆಲಸಕ್ಕೆ ಹೋದ ನಿನ್ನ ಅಪ್ಪನ ಸುದ್ದಿಯೇ ಇಲ್ಲ, ನಿನಗೆ ಇರುವುದು ಅಜ್ಜಿ ಒಬ್ಬಳೇ, ಅವಳಿಗೆ ಫೋನು ಒತ್ತಲು ಬರುವುದಿಲ್ಲ. ಇದು ಯಾವ ನ್ಯಾಯ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆದ್ದರಿಂದ ಕಾಗದ.

ಬೆಂಗಳೂರು ಚೆನ್ನಾಗಿದೆ. ಅಪ್ಪ ಪೀಣ್ಯದಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಹಿಡಿಸುವ ಕಾರ್ಖಾನೆಯಲ್ಲಿದ್ದಾನೆ. ಆ ಕಡೆಯಿಂದ ದಿನವಿಡೀ ಕಬ್ಬಿಣ ಕೊಯ್ಯುವ ಸದ್ದು ಬರುತ್ತದೆ. ಮೊದಲೆರಡು ದಿನ ತಲೆನೋವು ಬಂತು, ಈಗ ಕೇಳಿಸುವುದೇ ಇಲ್ಲ. ನಮ್ಮ ಓನರ್ ಅಜ್ಜಿಯ ಹೆಸರು ಚಿಕ್ಕಮುನಿಯಮ್ಮ. ಅವರ ಮೊಮ್ಮಗಳು ಯಮುನಾ ಮೊದಲ ದಿನವೇ ನನ್ನನ್ನು ಮಾತನಾಡಿಸಿದಳು. ನಾವಿಬ್ಬರೂ ಸ್ನೇಹಿತೆಯರಾಗಿದ್ದೇವೆ. ಆದ್ದರಿಂದ ನನ್ನ ಚಿಂತೆ ಬಿಡು.

ನಮ್ಮ ಬೀದಿಗೆ ಪೋಸ್ಟ್‌ಮನ್ ಸರಿಯಾಗಿ ಬರುವುದಿಲ್ಲ. ಉತ್ತರವನ್ನು ಅಪ್ಪನ ಕಾರ್ಖಾನೆಯ ವಿಳಾಸಕ್ಕೇ ಹಾಕು. ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ನಿನ್ನ
ಮಹಾದೇವಿ

———

ವಸತಿ ಶಾಲೆ, ಕುಷ್ಟಗಿ ತಾಲ್ಲೂಕು
14 ಜುಲೈ 2024

ಮಹಾದೇವಿ,

ನಿನ್ನ ಕಾಗದ ಒಡೆದೇ ಬಂತು. ಹುಡುಗಿಯರಿಗೆ ಬರುವ ಕಾಗದವನ್ನೆಲ್ಲ ವಾರ್ಡನ್ ಟೀಚರ್ ಓದಿಯೇ ಕೊಡುತ್ತಾರೆ, ಹೋಗುವುದನ್ನೂ ಓದಿಯೇ ಕಳಿಸುತ್ತಾರೆ. ಟೀಚರ್, ನಮಸ್ಕಾರ! ಈ ಸಾಲು ನಿಮಗೆ.

ನಿನ್ನ ಮಂಚವನ್ನು ಆರನೇ ತರಗತಿಯ ಒಂದು ಹುಡುಗಿಗೆ ಕೊಟ್ಟಿದ್ದಾರೆ. ದಿನಾ ಅಳುತ್ತದೆ. ನಿನ್ನ ಹಾಗೆಯೇ ಗೋಡೆ ಕಡೆ ಮುಖ ಮಾಡಿ ಮಲಗುತ್ತದೆ, ಆದರೆ ನಿನ್ನ ಹಾಗೆ ಗೊರಕೆ ಹೊಡೆಯುವುದಿಲ್ಲ. ಊಟಕ್ಕೆ ಕೂತಾಗ ಈಗಲೂ ನಾನು ಪಕ್ಕದಲ್ಲಿ ಒಂದು ತಟ್ಟೆ ಜಾಗ ಬಿಟ್ಟೇ ಕೂರುತ್ತೇನೆ. ಯಾರೋ ಬಂದು ತುಂಬಿಬಿಡುತ್ತಾರೆ.

ಹೋದ ಭಾನುವಾರ ಅಜ್ಜಿ ಬಂದಿದ್ದಳು. ಶೇಂಗಾ ಹೋಳಿಗೆ ತಂದಿದ್ದಳು, ಎಣಿಸಿ ಎಂಟು. ನಾಲ್ಕು ನಿನಗಂತೆ. "ಆಕಿ ಹ್ವಾದ್ಲಬೇ ಬೆಂಗ್ಳೂರಿಗೆ" ಅಂದರೆ, "ಹೋದ್ರ ಏನಾತು, ನೀನಽ ತಿಂದು ಆಕಿಗೆ ಬರಿ" ಅಂದಳು. ತಿಂದಿದ್ದೇನೆ. ಬರೆದಿದ್ದೇನೆ.

ಯಮುನಾ ಯಾರು? ಸರಿಯಾಗಿ ಬರೆ. ನನಗಿಂತ ಎತ್ತರವೋ?

ಶಿವಗಂಗಾ

———

ಲಗ್ಗೆರೆ
11 ಆಗಸ್ಟ್ 2024

ಪ್ರೀತಿಯ ಗಂಗಾ,

ಯಮುನಾ ನಿನಗಿಂತ ಎತ್ತರ. ಬಿ.ಕಾಂ. ಓದುತ್ತಾಳೆ, ಆದರೂ ನನ್ನನ್ನು ಚಿಕ್ಕವಳೆಂದು ನೋಡುವುದಿಲ್ಲ. ಅವಳ ಹತ್ತಿರ ಸ್ಕೂಟರ್ ಇದೆ. ಹೋದ ವಾರ ನನ್ನನ್ನು ಹಿಂದೆ ಕೂರಿಸಿಕೊಂಡು ಒಂದು ದೊಡ್ಡ ಮಾಲ್‌ಗೆ ಕರೆದುಕೊಂಡು ಹೋಗಿದ್ದಳು. ಮೆಟ್ಟಿಲು ತಾನೇ ಏರುತ್ತದೆ, ನಾವು ಸುಮ್ಮನೆ ನಿಂತಿರಬೇಕು. ನಾನು ಹೆದರಿದಾಗ ಕೈ ಹಿಡಿದುಕೊಂಡಳು.

ನಾವಿರುವುದು ನೀಲಿ ಬಣ್ಣದ ಮೂರಂತಸ್ತಿನ ಮನೆ. ಮಹಡಿಯ ಮೇಲೆ ಉಯ್ಯಾಲೆ ಇದೆ. ಸಂಜೆ ಅಲ್ಲಿ ಕೂತು ಓದುತ್ತೇವೆ. ಪಕ್ಕದಲ್ಲಿ ಒಂದು ಖಾಲಿ ಕೋಣೆಯೂ ಇದೆ. ಓದಿಕೊಳ್ಳಲು ನೀನೇ ಇಟ್ಟುಕೋ ಎಂದಿದ್ದಾಳೆ. ಶಾಲೆಯಲ್ಲೂ ಎಲ್ಲರೂ ನನ್ನ ಜೊತೆ ಚೆನ್ನಾಗಿದ್ದಾರೆ. ನಮ್ಮ ಮಾತು ಕೇಳಿದರೆ ಇಲ್ಲಿಯವರಿಗೆ ತುಂಬಾ ಇಷ್ಟ, ಇನ್ನೊಂದು ಸಲ ಮಾತಾಡು ಎನ್ನುತ್ತಾರೆ.

ಅಜ್ಜಿಗೆ ನಾನು ಕೇಳಿದೆ ಎಂದು ಹೇಳು. ಹೋಳಿಗೆ ನೆನೆಸಿಕೊಂಡು ಬಾಯಲ್ಲಿ ನೀರು ಬಂತು. ಹಬ್ಬಕ್ಕೆ ಬಂದರೆ ನಾಲ್ಕಲ್ಲ, ಎಂಟೂ ನನಗೇ ಬೇಕು ಎನ್ನು.

ನಿನ್ನ
ಮಹಾದೇವಿ

———

ವಸತಿ ಶಾಲೆ
8 ಸೆಪ್ಟೆಂಬರ್ 2024

ಮಹಾದೇವಿ,

ಕಾಗದ ಬಂತು. ಓದಿ ಸಂತೋಷವಾಯಿತು. ಇಲ್ಲಿ ಕಿರುಪರೀಕ್ಷೆ ಮುಗಿಯಿತು. ವಿಜ್ಞಾನದಲ್ಲಿ ಕಡಿಮೆ ಬಂದಿದೆ.

ಆ ಮಹಡಿಯ ಕೋಣೆ ನಿಜವಾಗಿಯೂ ಖಾಲಿ ಇದೆಯೇ? ಅದರಲ್ಲಿ ಯಾರೂ ಇರುವುದಿಲ್ಲವೇ? ಕಿಟಕಿ ಇದೆಯೇ?

ಬೇರೆ ಏನೂ ವಿಶೇಷವಿಲ್ಲ.

ಶಿವಗಂಗಾ

———

ಲಗ್ಗೆರೆ
6 ಅಕ್ಟೋಬರ್ 2024

ಶಿವಗಂಗಾ,

ನಿನ್ನ ಕಾಗದ ನೋಡಿ ಬೇಜಾರಾಯಿತು. ನಾನು ಎರಡು ಪುಟ ಬರೆದರೆ ನೀನು ಎಂಟು ಸಾಲು ಬರೆಯುತ್ತೀಯ. ಅಜ್ಜಿಯ ಸುದ್ದಿ ಕೇಳಿದ್ದೆ, ಅದಕ್ಕೂ ಉತ್ತರವಿಲ್ಲ. ನನಗೆ ಹೊಸ ಗೆಳತಿ ಸಿಕ್ಕಳೆಂದು ನಿನಗೆ ಹೊಟ್ಟೆಕಿಚ್ಚು, ಅದು ನನಗೆ ತಿಳಿಯುತ್ತದೆ. ಯಮುನಾ ಹೀಗೆ ಯಾವತ್ತೂ ಮುಖ ಊದಿಸಿಕೊಳ್ಳುವುದಿಲ್ಲ.

ಕೋಣೆ ಖಾಲಿಯೇ ಇದೆ. ಕಿಟಕಿ ಎರಡಿವೆ. ಒಂದರಿಂದ ಮೆಟ್ರೋ ಕಾಣುತ್ತದೆ. ನೀನು ಬಂದರೆ ಎಷ್ಟು ದಿನ ಬೇಕಾದರೂ ಇರಬಹುದು, ಯಾರೂ ಕೇಳುವವರಿಲ್ಲ. ಆದರೆ ನೀನೆಲ್ಲಿ ಬರುತ್ತೀಯ?

ಅಜ್ಜಿಗೆ ಹೇಳಿದೆಯೋ ಇಲ್ಲವೋ ಅದನ್ನಾದರೂ ಬರೆ.

ಮಹಾದೇವಿ

———

ಲಗ್ಗೆರೆ
27 ಅಕ್ಟೋಬರ್ 2024

ಗಂಗಾ,

ಈ ಕಾಗದವನ್ನು ನಾನು ಪೋಸ್ಟಿಗೆ ಹಾಕುವುದಿಲ್ಲ. ಸಮಾಜ ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಆಮೇಲೆ ಹರಿದುಹಾಕುತ್ತೇನೆ.

ನಾವು ನೀಲಿ ಮನೆಯಲ್ಲಿಲ್ಲ. ನೀಲಿ ಮನೆ ಮುಂದಿನ ಬೀದಿಯಲ್ಲಿದೆ, ಯಾರದೋ ಗೊತ್ತಿಲ್ಲ. ಶಾಲೆಗೆ ಹೋಗುವಾಗ ನೋಡುತ್ತೇನೆ. ಅದರ ಮೇಲೆ ಉಯ್ಯಾಲೆ ಇತ್ತು, ಈಗ ಅದನ್ನೂ ತೆಗೆದಿದ್ದಾರೆ. ನಾವಿರುವುದು ಚಿಕ್ಕಮುನಿಯಮ್ಮನ ಮನೆಯ ಹಿಂದಿನ ವಠಾರದಲ್ಲಿ. ಸಾಲಾಗಿ ಏಳು ಕೋಣೆ, ಮೇಲೆ ಶೀಟು. ಒಂದು ಕೋಣೆಯಲ್ಲಿ ನಾವು ಮೂವರು. ಏಳು ಮನೆಗೆ ಎರಡು ಕಕ್ಕಸು.

ಯಮುನಾ ನನ್ನನ್ನು ಒಂದೇ ಸಲ ಮಾತನಾಡಿಸಿದ್ದು. "ಏ, ಟ್ಯಾಂಕ್ ಹತ್ರ ಬಟ್ಟೆ ಒಗೀಬೇಡ, ಸೋಪು ನೀರೆಲ್ಲ ಗಾಡಿ ಹತ್ರ ಬರತ್ತೆ" ಎಂದಿದ್ದಳು. ನಾನು "ಹೂಂ ಅಕ್ಕಾ" ಎಂದೆ. ಅಷ್ಟೇ. ಆ ಸ್ಕೂಟರನ್ನು ನಾನು ಮುಟ್ಟಿಯೂ ಇಲ್ಲ.

ಶಾಲೆಯಲ್ಲಿ ನಾನು ಬಾಯಿ ತೆರೆದರೆ ಎಲ್ಲರೂ "ಯಾಕ್ರೀ, ಎಲ್ಲಿಗ್ರೀ" ಎಂದು ಅಣಕಿಸುತ್ತಾರೆ. ಇನ್ನೊಂದು ಸಲ ಮಾತಾಡು ಎನ್ನುವುದು ಅದಕ್ಕೆ. ಈಗ ಮಾತಾಡುವುದನ್ನೇ ಬಿಟ್ಟಿದ್ದೇನೆ. ಮೊನ್ನೆ ಲೆಕ್ಕ ಹಾಕಿದೆ. ದಿನವಿಡೀ ಶಾಲೆಯಲ್ಲಿ ನಾನು ಆಡಿದ್ದು ಎರಡು ಮಾತು. "ಪ್ರೆಸೆಂಟ್ ಮಿಸ್" ಮತ್ತು "ಇಲ್ಲ". ಮಧ್ಯಾಹ್ನದ ಊಟದ ತಟ್ಟೆ ಹಿಡಿದುಕೊಂಡು ಎಲ್ಲಿ ಕೂರುವುದೆಂದು ತಿಳಿಯದೆ ನಲ್ಲಿಯ ಹತ್ತಿರ ನಿಂತೇ ಉಣ್ಣುತ್ತೇನೆ.

ನಿನಗೆ ಹೀಗೆಂದು ಬರೆದರೆ ನೀನು ಮರುಗುತ್ತೀಯ. ವಾರ್ಡನ್ ಟೀಚರ್ ಓದುತ್ತಾರೆ. ಊರಿಗೆಲ್ಲ ಗೊತ್ತಾಗುತ್ತದೆ. ಸುಳ್ಳು ಬರೆಯುವಾಗ ಮಾತ್ರ ನಾನು ಆ ಉಯ್ಯಾಲೆಯ ಮೇಲೆ ಕೂತಿರುತ್ತೇನೆ. ಬರೆದು ಮುಗಿಸಿದ ಮೇಲೆ ಮತ್ತೆ ನಲ್ಲಿಯ ಹತ್ತಿರ ನಿಂತಿರುತ್ತೇನೆ.

ಹೊಟ್ಟೆಕಿಚ್ಚು ಎಂದು ಬರೆಯಬಾರದಿತ್ತು. ಮೂರು ವಾರವಾಯಿತು, ನೀನು ಬರೆದಿಲ್ಲ.

———

ವಸತಿ ಶಾಲೆ
15 ಡಿಸೆಂಬರ್ 2024

ಮಹಾದೇವಿ,

ಈ ಕಾಗದವನ್ನು ಟೀಚರ್ ಓದಿಲ್ಲ. ಅಡುಗೆಯವ್ವನ ಕೈಯಲ್ಲಿ ಕೊಟ್ಟು ಸಂತೆಯ ದಿನ ಹಾಕಿಸುತ್ತಿದ್ದೇನೆ.

ನಾನು ನಿನ್ನ ಹತ್ತಿರ ಬರುತ್ತೇನೆ. ಇಲ್ಲಿ ಇರಲು ನನ್ನಿಂದ ಆಗುವುದಿಲ್ಲ. ಯಾಕೆಂದು ಕಾಗದದಲ್ಲಿ ಬರೆಯಲಾರೆ, ಬಂದು ಹೇಳುತ್ತೇನೆ. ಜನವರಿ 11 ಎರಡನೇ ಶನಿವಾರ. ಊರಿನ ಪಕ್ಕದ ಮನೆಯವರು ಹಬ್ಬಕ್ಕೆ ಕರೆದಿದ್ದಾರೆಂದು ಹೇಳಿ ಹೊರಗೆ ಬಂದು, ಬೆಳಿಗ್ಗೆ ಏಳರ ಬೆಂಗಳೂರು ಬಸ್ಸು ಹಿಡಿಯುತ್ತೇನೆ. ಸಂಜೆ ನಾಲ್ಕಕ್ಕೆ ತುಮಕೂರು ರಸ್ತೆಯಲ್ಲಿ ನಾಗಸಂದ್ರ ಬರುತ್ತದಂತೆ, ಕಂಡಕ್ಟರ್ ಹೇಳಿದ. ಅಲ್ಲಿ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ನೀನು ನಿಂತಿರು. ಯಮುನಾಳ ಸ್ಕೂಟರಿನಲ್ಲಿ ಬಾ.

ಆ ಕೋಣೆಯಲ್ಲಿ ಒಂದು ಮೂಲೆ ಸಾಕು. ಕಾರ್ಖಾನೆ ಕೆಲಸಕ್ಕಾದರೂ ಹೋಗುತ್ತೇನೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಇರುವ ಒಂದು ಆಸೆ ಎಂದರೆ ಅದೇ ಕೋಣೆ. ಮಲಗುವ ಮುಂಚೆ ದಿನಾ ಅದನ್ನು ನೆನೆಸಿಕೊಳ್ಳುತ್ತೇನೆ.

ಬರಬೇಡ ಎಂದಾದರೆ ಮಾತ್ರ ಬರೆ. ಟೀಚರ್ ಓದುತ್ತಾರೆ, ಆದ್ದರಿಂದ "ಅವ್ವನಿಗೆ ಹುಷಾರಿಲ್ಲ" ಎಂದು ಒಂದು ಸಾಲು ಬರೆದರೆ ಸಾಕು, ತಿಳಿದುಕೊಳ್ಳುತ್ತೇನೆ. ಕಾಗದ ಬರದಿದ್ದರೆ ಬಾ ಎಂದೇ ಅರ್ಥ.

ಶಿವಗಂಗಾ

———

ಲಗ್ಗೆರೆ
5 ಜನವರಿ 2025

ಪ್ರೀತಿಯ ಗಂಗಾ,

ಅವ್ವನಿಗೆ ಹುಷಾರಿಲ್ಲ.

ಮಹಡಿಯ ಕೋಣೆಗೆ ಯಮುನಾಳ ದೊಡ್ಡಪ್ಪನ ಮನೆಯವರು ಬಂದು ಇಳಿದುಕೊಂಡಿದ್ದಾರೆ. ಸಂಕ್ರಾಂತಿ ಮುಗಿಸಿಕೊಂಡೇ ಹೋಗುತ್ತಾರಂತೆ. ನಾನೂ ಯಮುನಾಳೂ ನಿನಗಾಗಿ ಕೋಣೆ ಸಾರಿಸಿ, ಗೋಡೆಗೆ ಚಿತ್ರ ಅಂಟಿಸಿ ಇಟ್ಟಿದ್ದೆವು. ಅವಳಿಗೂ ತುಂಬಾ ಬೇಜಾರಾಗಿದೆ. ಬೇಸಿಗೆಗೆ ಖಂಡಿತ ನೋಡೋಣ.

ಅಜ್ಜಿಯನ್ನು ಬಿಟ್ಟು ಹಾಗೆಲ್ಲ ಎಲ್ಲಿಗೂ ಹೋಗಬಾರದು. ಅವಳು ಎಷ್ಟು ನೊಂದುಕೊಳ್ಳುತ್ತಾಳೆ, ಯೋಚಿಸು.

ದಯವಿಟ್ಟು ಮೊದಲನೇ ಸಾಲನ್ನು ಸರಿಯಾಗಿ ಓದಿಕೋ. ಅವ್ವನಿಗೆ ಹುಷಾರಿಲ್ಲ.

ಮಹಾದೇವಿ

———

ಲಗ್ಗೆರೆ
19 ಜನವರಿ 2025

ಗಂಗಾ,

ನೀನು ವಾಪಸು ಹೋಗಿ ಐದು ದಿನವಾಯಿತು. ನನ್ನ ಜನವರಿ ಐದರ ಕಾಗದ ಅಲ್ಲಿ ನಿನಗಾಗಿ ಕಾದು ಕೂತಿರುತ್ತದೆ. ಈಗಾಗಲೇ ಓದಿರುತ್ತೀಯ. ಬಸ್ಸಿನ ಹತ್ತಿರ ನಿನ್ನನ್ನು ತಬ್ಬಿಕೊಂಡು ಅಳುವಾಗ ನನ್ನ ತಲೆಯಲ್ಲಿದ್ದದ್ದು ಆ ಕಾಗದವೇ. ಅದರ ಬಗ್ಗೆ ಹೇಳಲು ನನಗೆ ಎರಡು ದಿನ ಪೂರ್ತಿ ಇತ್ತು. ಹೇಳಲಿಲ್ಲ.

ನಿನ್ನ ಕಾಗದ ಡಿಸೆಂಬರ್ 21ಕ್ಕೇ ಬಂದಿತ್ತು. ಅಪ್ಪ ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ತಂದುಕೊಟ್ಟ. ಆವತ್ತೇ ಬರೆದಿದ್ದರೆ ನಿನಗೆ ಸಮಯಕ್ಕೆ ಸಿಗುತ್ತಿತ್ತು. ದಿನಾ ನಾಳೆ ಬರೆಯೋಣ ಎಂದುಕೊಂಡೆ. ಬರೆದ ಮೇಲೂ ಎರಡು ದಿನ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ನಿನಗೆ ನಿಜ ಗೊತ್ತಾಗುತ್ತದೆ ಎಂಬ ಭಯ ಒಂದು ಕಡೆ. ನೀನು ಬಂದರೆ ಊಟಕ್ಕೆ ಜೊತೆ ಕೂರಲು ಒಬ್ಬರಾದರೂ ಇರುತ್ತಾರೆ ಎಂಬ ಆಸೆ ಇನ್ನೊಂದು ಕಡೆ.

ಅಪ್ಪನ ಜೊತೆ ವಾಪಸು ಬಸ್ಸು ಹತ್ತುವಾಗ ನೀನು, "ಆವತ್ತು ಎಷ್ಟೊತ್ತು ನಿಂತಿದ್ದಿ?" ಎಂದು ಕೇಳಿದೆ. "ಕತ್ತಲಾಗೋ ತನಕ" ಎಂದೆ. ಅದೂ ಸುಳ್ಳು. ನಾಲ್ಕಕ್ಕೆ ಹೋದೆ, ಐದೂವರೆಗೆ ಬಂದುಬಿಟ್ಟೆ. ಬಂದ ಪ್ರತಿ ಬಸ್ಸನ್ನೂ ನೋಡುತ್ತಿದ್ದೆ. ನೀನು ಇಳಿಯದಿದ್ದಾಗಲೆಲ್ಲ ಎದೆ ಹಗುರಾಗುತ್ತಿತ್ತು. ಕಾಗದ ಮುಟ್ಟಿತು, ನೀನು ಬರಲಿಲ್ಲ, ನಾನು ಉಳಿದುಕೊಂಡೆ ಎಂದುಕೊಂಡೆ. ನನಗೆ ಖುಷಿಯಾಯಿತು ಗಂಗಾ. ದಾರಿಯಲ್ಲಿ ಅವ್ವನಿಗೆ ಬಾಳೆಹಣ್ಣು ಕೊಂಡುಕೊಂಡು ಹೋದೆ. ನಿನ್ನ ಬಸ್ಸು ಸಿರಾದ ಹತ್ತಿರ ಕೆಟ್ಟು ನಿಂತಿದೆ, ನೀನು ಆರೂವರೆಗೆ ಬಂದು ಅದೇ ಮೆಟ್ಟಿಲ ಮೇಲೆ ಕೂರುತ್ತೀಯ ಎಂದು ನನಗೆ ಹೇಗೆ ಗೊತ್ತಾಗಬೇಕು? ಇನ್ನೊಂದು ಗಂಟೆ ನಿಂತಿದ್ದರೆ ಗೊತ್ತಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಅಪ್ಪನ ಫೋನು ರಿಂಗಾಯಿತು. ವಾರ್ಡನ್ ಟೀಚರ್. ನೀನು ಊರಿಗೆ ಹೋಗಿಲ್ಲ, ಪೊಲೀಸರಿಗೆ ಹೇಳಿದ್ದೇವೆ ಎಂದರು. ಅಪ್ಪ ನನ್ನ ಕಡೆ ತಿರುಗಿ, "ಶಿವಗಂಗಾ ನಿನಗೇನಾರ ಬರದಿದ್ಲೇನು?" ಎಂದ. ನಾನು ಕೊಡ ತುಂಬಿಸುತ್ತಿದ್ದೆ. "ಇಲ್ಲ" ಎಂದೆ.

ಇದನ್ನೇ ನಾನು ನಿನಗೆ ಬರೆಯಬೇಕಾಗಿದ್ದದ್ದು. ಇಲ್ಲ ಎಂದೆ. ಎರಡೂವರೆ ಗಂಟೆ ಹಾಗೆಯೇ ಇದ್ದೆ. ಪಾತ್ರೆ ತೊಳೆದೆ, ಕಸ ಗುಡಿಸಿದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ನೀನು ಬೇರೆ ಯಾವುದೋ ಊರಿಗೆ ಹೋಗಿರಬಹುದು, ಅದಕ್ಕೂ ನನಗೂ ಸಂಬಂಧವಿಲ್ಲ ಎಂದೆಲ್ಲ ಹೇಳಿಕೊಂಡೆ. ನೀನು ಎಲ್ಲಿ ಸಿಕ್ಕರೂ ನನ್ನ ಸುಳ್ಳು ಸಿಗುತ್ತದಲ್ಲ ಎಂಬುದೇ ನನ್ನ ಚಿಂತೆಯಾಗಿತ್ತು.

ಹತ್ತು ಗಂಟೆಗೆ ಅವ್ವ ಗೋಡೆಗೆ ಒರಗಿ ಕೂತು ತನ್ನಷ್ಟಕ್ಕೆ ಎಂದಳು, "ಆ ಮುದುಕಿ ಸತ್ತಮ್ಯಾಲೆ ಪಾಪ ಆ ಕೂಸಿಗೆ ಯಾರದಾರ ಹೇಳು."

"ಯಾವ ಮುದುಕಿ?" ಎಂದೆ.

"ಆಕಿ ಅಜ್ಜಿ. ಜುಲೈದಾಗಽ ತೀರ್ಕೊಂಡ್ಳಂತಲ್ಲ. ಈಗ ಟೀಚರ್ ನಿಮ್ಮಪ್ಪಗ ಹೇಳಿದ್ರು. ನಿನಗ ಗೊತ್ತಿಲ್ಲೇನು?"

ಆಮೇಲೆ ನಾನು ಏನು ಕೂಗಿದೆನೋ ತಿಳಿಯದು. ವಠಾರದವರೆಲ್ಲ ಬಂದರು. ನಿನ್ನ ಕಾಗದ ತೆಗೆದು ಅವ್ವನ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ, ನಾನೇ ಓದಿದೆ. ಹೊಡೆಯುತ್ತಾಳೆ ಎಂದುಕೊಂಡೆ. "ಎಲ್ಲಿ ನಿಂದ್ರು ಅಂದಿದ್ಲು? ಜಲ್ದಿ ಹೇಳು" ಎಂದಳು ಅಷ್ಟೇ. ಅಪ್ಪ ಆಗಲೇ ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದ. ಚಿಕ್ಕಮುನಿಯಮ್ಮ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡರು. "ಏ ಯಮುನಾ! ಗಾಡಿ ತೆಗಿಯೇ! ಹೆಣ್ಣುಡುಗಿ ಕಣವ್ವಾ, ಗೊತ್ತಿಲ್ದಿರೋ ಊರು. ಇಂಗೆ ಅಳ್ತಾ ಕುಂತ್ರೆ ಆಯ್ತದಾ? ಓಗ್ರಿ ಮೊದ್ಲು!"

ಹಾಗೆ ನಾನು ಆ ಸ್ಕೂಟರ್ ಹತ್ತಿದೆ. ಯಮುನಾ ಅಕ್ಕ ನೇರ ನಾಗಸಂದ್ರಕ್ಕೆ ಗಾಡಿ ಓಡಿಸಿದಳು. ಮೆಟ್ಟಿಲ ಹತ್ತಿರ ಹೂವಿನವರನ್ನು, ಆಟೋದವರನ್ನು ಕೇಳಿದೆವು. ಯಾರೂ ನೋಡಿರಲಿಲ್ಲ. "ಅವ್ಳ ಹತ್ರ ನಿಮ್ಮನೆ ಅಡ್ರೆಸ್ ಇದ್ಯಾ?" ಎಂದಳು. ಇಲ್ಲ, ಕಾರ್ಖಾನೆಯದು ಮಾತ್ರ ಇದೆ ಎಂದೆ. "ಮತ್ತೆ ಅಲ್ಲಿಗ್ ಹೋಗ್ದೆ ಇಲ್ಯಾಕ್ ನಿಂತಿದ್ದೀವಿ?" ಎಂದು ಗಾಡಿ ತಿರುಗಿಸಿದಳು. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆ ತಿರುಗಿ, "ನಿನ್ ಹೆಸ್ರೇನು?" ಎಂದಳು. ಏಳು ತಿಂಗಳಿಂದ ಒಂದೇ ಅಂಗಳದಲ್ಲಿದ್ದೇವೆ.

ಮುಂದಿನದು ನಿನಗೇ ಗೊತ್ತು. ಭಾನುವಾರದ ಬೀಗ ಹಾಕಿದ ಗೇಟಿನ ಮುಂದೆ ನೀನು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಆ ನಾಗಲಕ್ಷ್ಮಮ್ಮ. ನಾನು ಬಿಟ್ಟು ಬಂದ ಮೆಟ್ಟಿಲ ಮೇಲೆ ನೀನು ಒಬ್ಬಳೇ ಅಳುತ್ತಿದ್ದಾಗ, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುತ್ತಿದ್ದ ಅವರು ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು. ಬೆಳಿಗ್ಗೆಯಿಂದ ನಿನ್ನ ಜೊತೆ ಲಗ್ಗೆರೆಯ ಬೀದಿ ಬೀದಿ ತಿರುಗಿ, ಉಯ್ಯಾಲೆ ಇರುವ ನೀಲಿ ಮನೆ ಹುಡುಕಿದರು. ನನ್ನನ್ನು ನೋಡಿ, "ನೀನೇನಾ ಆ ಕಾಗ್ದ ಬರ್ದೋಳು? ಕಾಲು ಬೊಬ್ಬೆ ಬಂದದೆ ನೋಡು ಮಗೀಗೆ" ಎಂದರು. ನಾನು ನಿನ್ನ ಕಾಲು ನೋಡಿದೆ, ಮುಖ ನೋಡಲಿಲ್ಲ.

ನೀನು ಎದ್ದು ನಿಂತು ನನ್ನನ್ನು ಬಿಟ್ಟು ಮೊದಲು ಯಮುನಾ ಅಕ್ಕನನ್ನೇ ಮಾತಾಡಿಸಿದೆ. "ನೀವ ಯಮುನಾ ಏನ್ರೀ? ಉಯ್ಯಾಲಿ ಇರೋದು ನಿಮ್ಮ ಮನ್ಯಾಗಽ ಏನು?" ಎಂದೆ. ಎಷ್ಟು ನಂಬಿಕೆಯಿಂದ ಕೇಳಿದೆ! ಅವಳು "ಯಾವ ಉಯ್ಯಾಲೆ?" ಎಂದಳು. ನೀನು ಚೀಲದಿಂದ ನನ್ನ ಕಾಗದ ತೆಗೆದು ಕೊಟ್ಟೆ. ಅವಳು ಅಲ್ಲೇ ನಿಂತು ಓದಿದಳು, ಮಾಲ್, ಮೆಟ್ಟಿಲು, ಕೈ ಹಿಡಿದುಕೊಂಡದ್ದು ಎಲ್ಲಾ. ಓದಿ ನನ್ನ ಕಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ನಾನ್ ಯಾವಾಗ ಇವ್ಳನ್ನ ಕರ್ಕೊಂಡೋಗಿದ್ದೆ?" ಎಂದು ಯಾರನ್ನೋ ಕೇಳುವಂತೆ ಮೆಲ್ಲಗೆ ಅಂದಳು. ಆಮೇಲೆ ಕಾಗದ ಮಡಚಿ ನಿನ್ನ ಕೈಗೆ ಕೊಟ್ಟು, "ಬಾ, ಮೊದ್ಲು ಏನಾದ್ರೂ ತಿನ್ನು" ಎಂದಳು. ನನ್ನನ್ನು ಬಿಟ್ಟು ನಿನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದಳು. ನಾನೂ ನಾಗಲಕ್ಷ್ಮಮ್ಮನೂ ನಡೆದು ಬಂದೆವು.

ಎರಡು ದಿನ ನೀನು ಅವ್ವನ ಪಕ್ಕದಲ್ಲಿ ಮಲಗಿದೆ. ಅಜ್ಜಿಯ ಬಗ್ಗೆ ನೀನಾಗಿ ಹೇಳುತ್ತೀಯ ಎಂದು ಕಾದೆ. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಅಜ್ಜಿ ನೊಂದುಕೊಳ್ಳುತ್ತಾಳೆ ಎಂದು ಬರೆದವಳು ಏನೆಂದು ಕೇಳಲಿ?

ಇಷ್ಟರಲ್ಲಿ ಸುಳ್ಳು ಒಂದೂ ಇಲ್ಲ. ಎರಡು ಸಲ ಓದಿ ನೋಡಿದ್ದೇನೆ.

ಮಹಾದೇವಿ

———

ಲಗ್ಗೆರೆ
16 ಫೆಬ್ರವರಿ 2025

ಗಂಗಾ,

ನಾಲ್ಕು ವಾರವಾಯಿತು. ಸಂಜೆ ಅಪ್ಪ ಬರುವ ಹೊತ್ತಿಗೆ ಬೀದಿಯ ತುದಿಗೆ ಹೋಗಿ ನಿಲ್ಲುತ್ತೇನೆ. ದೂರದಿಂದಲೇ ತಲೆಯಲ್ಲಾಡಿಸಿಬಿಡುತ್ತಾನೆ. ನಿನಗೆ ಶಿಕ್ಷೆ ಕೊಟ್ಟರೇ? ಟೀಚರ್ ಹೊಡೆದರೇ? ಕಾಗದ ನಿನಗೆ ಕೊಟ್ಟೇ ಇಲ್ಲವೇ? ಒಂದು ಸಾಲು ಬೈದಾದರೂ ಬರೆ.

ಯಮುನಾ ಅಕ್ಕ ನನ್ನ ಸ್ನೇಹಿತೆಯಾಗಿಲ್ಲ. ನಿನ್ನೆ ಗೇಟಿನ ಹತ್ತಿರ, "ಏ ಮಹಾದೇವಿ, ನಿನ್ ಫ್ರೆಂಡ್ ಹೇಗಿದ್ದಾಳೆ?" ಎಂದು ಕೇಳಿದಳು. ಗೊತ್ತಿಲ್ಲ ಅಕ್ಕಾ ಎಂದೆ. ಅಷ್ಟೇ ನಡೆದದ್ದು.

ಶಾಲೆಯಲ್ಲಿ ಬೈರಮ್ಮ ಎಂಬ ಹುಡುಗಿ ತಾನಾಗಿಯೇ ಬಂದು ನಲ್ಲಿಯ ಹತ್ತಿರ ನಿಂತು ಉಂಡಳು. ಯಾಕೆಂದು ಕೇಳಲಿಲ್ಲ. ಅವಳದು ಮಾತು ಕಡಿಮೆ.

ಮಹಾದೇವಿ

———

ಕುಷ್ಟಗಿ
13 ಏಪ್ರಿಲ್ 2025

ಮಹಾದೇವಿ,

ನಿನ್ನ ಮೂರೂ ಕಾಗದ ಸಿಕ್ಕಿವೆ. ಟೀಚರ್ ಹೊಡೆಯಲಿಲ್ಲ. ಬೇಕೆಂದೇ ಬರೆದಿರಲಿಲ್ಲ.

ವಾಪಸು ಬಂದ ಎರಡನೇ ದಿನ ನಿನ್ನ ಜನವರಿ ಐದರ ಕಾಗದ ಓದಿದೆ. ನಿಮ್ಮ ಕೋಣೆ ನೋಡಿ ಬಂದಿದ್ದೆ, ಶೀಟಿನ ಕೆಳಗೆ ಮಲಗಿ ಬಂದಿದ್ದೆ, ಅದಕ್ಕೆಲ್ಲ ನನಗೆ ಕೋಪ ಬಂದಿರಲಿಲ್ಲ. ಆದರೆ ನೀನೂ ಯಮುನಾಳೂ ಸೇರಿ ನನಗಾಗಿ ಕೋಣೆ ಸಾರಿಸಿದ್ದೆವು ಎಂದು ಬರೆದೆಯಲ್ಲ, ಅದನ್ನು ಓದಿ ಹಾಳೆಯನ್ನು ಉಂಡೆ ಮಾಡಿ ಎಸೆದೆ. ಬರಬೇಡ ಎನ್ನುವುದಕ್ಕೆ ಒಂದು ಸಾಲು ಸಾಕು ಎಂದಿದ್ದೆ. ನೀನು ಆ ಒಂದು ಸಾಲಿಗೆ ನಿಲ್ಲಲಿಲ್ಲ.

ಟೀಚರ್ ಆ ಉಂಡೆಯನ್ನು ಎತ್ತಿಕೊಂಡು ಬಿಡಿಸಿದರು. "ಈ ಹುಡುಗಿ ಬರಿಯೋದ್ರಾಗ ಖರೇ ಭಾಳ ಇಲ್ಲ ಅಂತ ನನಗ ಮೊದಲಿಂದಽ ಅನ್ನಿಸಿತ್ತು. ಒಂಟಿ ಆಗೇತಿ, ಬರೀಲಿ ಅಂತ ಸುಮ್ನಿದ್ದೆ. ನಿನಗ ಹೇಳಬೇಕಿತ್ತು, ತಪ್ಪು ನಂದೂ ಐತಿ" ಎಂದರು. ಅವರು ಹಾಗೆ ಹೇಳುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಜ್ಜಿ ಹೋದದ್ದು ಜುಲೈ 27ಕ್ಕೆ. ವಿಜ್ಞಾನದ ಪೀರಿಯಡ್ಡಿನಲ್ಲಿ ಹೊರಗೆ ಕರೆದರು. ನಾನು ಹೋಗುವ ಹೊತ್ತಿಗೆ ಕುಣಿ ತೋಡಿ ಆಗಿತ್ತು. ಮೂರು ಹಿಡಿ ಮಣ್ಣು ಹಾಕಿ ಬಂದೆ. ಅಪ್ಪ ಗೋವಾದಿಂದ ಬರಲೇ ಇಲ್ಲ. ಹಾಸ್ಟೆಲ್ಲಿಗೆ ಬಂದ ಮೇಲೆ ಯಾರೂ ನನ್ನ ಎದುರಿಗೆ ನಗುತ್ತಿರಲಿಲ್ಲ, ನಾನು ಹೋದ ಕಡೆಯೆಲ್ಲ ಮಾತು ನಿಂತುಹೋಗುತ್ತಿತ್ತು. ಆಗ ನಿನ್ನ ಕಾಗದ ಬಂತು. "ಅಜ್ಜಿಗೆ ಕೇಳಿದೆ ಎಂದು ಹೇಳು, ಎಂಟೂ ನನಗೇ ಬೇಕು ಎನ್ನು" ಎಂದು ಬರೆದಿದ್ದೆ. ನಿನ್ನ ಕಾಗದದಲ್ಲಿ ಅವಳು ಇನ್ನೂ ಇದ್ದಳು. ಅಲ್ಲೊಂದು ಕಡೆಯಾದರೂ ಇರಲಿ ಎಂದು ನಾನು ಬರೆಯಲಿಲ್ಲ. ಹಾಗಾದರೆ ನಾನೂ ಸುಳ್ಳು ಹೇಳಿದಂತೆಯೇ? ಎಷ್ಟೋ ದಿನ ಯೋಚಿಸಿದೆ. ಎರಡೂ ಒಂದೇ ಅಲ್ಲ ಅನ್ನಿಸುತ್ತದೆ. ಆದರೆ ನಾನು ಹೇಳಿದ್ದರೆ ನೀನೂ ಹೇಳುತ್ತಿದ್ದೆಯೋ ಏನೋ.

ಪರೀಕ್ಷೆ ಏಪ್ರಿಲ್ ನಾಲ್ಕಕ್ಕೆ ಮುಗಿಯಿತು. ಎಲ್ಲರನ್ನೂ ಕರೆದುಕೊಂಡು ಹೋಗಲು ಮನೆಯವರು ಬಂದರು. ನಾನು ಟ್ರಂಕಿನ ಮೇಲೆ ಕೂತಿದ್ದೆ. ಟೀಚರ್ ಬಂದು, "ನಡಿ, ನಿಮ್ಮೂರಿಗೆ ಹೋಗಿ ಬರೂಣು" ಎಂದರು. ಇಬ್ಬರೂ ಹೋಗಿ ಬೀಗ ತೆಗೆದೆವು. ಮನೆ ಅಜ್ಜಿ ಬಿಟ್ಟು ಹೋದ ಹಾಗೆಯೇ ಇತ್ತು. ಹಗ್ಗದ ಮೇಲೆ ಅವಳ ಒಂದು ಸೀರೆ ಒಣಹಾಕಿದ್ದು, ಎಂಟು ತಿಂಗಳ ಧೂಳು ಹಿಡಿದು. ಯಾರೂ ತೆಗೆದಿರಲಿಲ್ಲ. ಅದನ್ನು ಎಳೆದುಕೊಂಡು ಕೂತು ಅತ್ತೆ. ಸತ್ತ ದಿನ ಅತ್ತಿರಲಿಲ್ಲ. ಟೀಚರ್ ಕಸಬರಿಗೆ ಹುಡುಕಿಕೊಂಡು ಮನೆ ಪೂರ್ತಿ ಗುಡಿಸಿದರು. ಆಮೇಲೆ ಸೀರೆಯನ್ನು ಬಾವಿಯ ಹತ್ತಿರ ಒಗೆದು ತಂದೆವು.

ಈಗ ಅವರ ಮನೆಯಲ್ಲೇ ಇದ್ದೇನೆ. ಕೊಪ್ಪಳದ ಕಾಲೇಜು ಹಾಸ್ಟೆಲ್ಲಿಗೆ ಅರ್ಜಿ ಬರೆಸುತ್ತಿದ್ದಾರೆ. ಇಲ್ಲಿಯ ವಿಳಾಸ ಹಿಂದೆ ಇದೆ. ನಿಮ್ಮ ಅವ್ವ ಫೋನು ಮಾಡಿ ಬೇಸಿಗೆಗೆ ಬಾ ಎಂದರು. "ಇದ್ದಷ್ಟರಾಗಽ ಇರೂಣು, ಬಾ ಮಗಳಽ" ಎಂದರು. ಬರುವುದಿಲ್ಲ ಎಂದೆ. ಈಗಲೇ ನಿನ್ನನ್ನು ನೋಡಲು ನನಗೆ ಮನಸ್ಸಿಲ್ಲ.

ನಿನ್ನ ಮೇಲೆ ಕೋಪ ಇನ್ನೂ ಹೋಗಿಲ್ಲ. ಯಾವಾಗ ಹೋಗುತ್ತದೋ ಗೊತ್ತಿಲ್ಲ. ಆದರೆ ಮೊನ್ನೆ ಸೀರೆ ಒಗೆಯುವಾಗ ನಿನ್ನನ್ನು ಬೈದುಕೊಳ್ಳುತ್ತಲೇ ಒಗೆದೆ, ದೊಡ್ಡ ದನಿಯಲ್ಲಿ. ಟೀಚರ್, "ಯಾರಿಗೆ ಬೈಯಾಕತ್ತೀ?" ಎಂದು ನಕ್ಕರು. ಆಗ ಹೊಳೆಯಿತು. ಅಪ್ಪನ ಮೇಲೆ ಕೋಪ ಮಾಡಿಕೊಂಡರೆ ಅವನಿಗೆ ಮುಟ್ಟುವುದಿಲ್ಲ, ಅಜ್ಜಿಯ ಮೇಲೆ ಮಾಡಿಕೊಳ್ಳುವಂತಿಲ್ಲ. ಕೋಪ ಮಾಡಿಕೊಳ್ಳಲು ನನಗೆ ನಿನ್ನನ್ನು ಬಿಟ್ಟು ಬೇರೆ ಯಾರಿದ್ದಾರೆ?

ಆದ್ದರಿಂದ ಉತ್ತರ ಬರೆ. ಉದ್ದ ಬೇಡ.

ಶಿವಗಂಗಾ